ಪಲ್ಲೆಗೆ ಸಾಬೂನು ಬೇಡ, ಕೈಗೆ ಬೇಕು

ವಿಜಯಪುರದ ಓದುಗರೊಬ್ಬರ ಪತ್ರ: "ನಮ್ಮ ಓಣಿಯಲ್ಲಿ ಜ್ವರ, ಕೆಮ್ಮಿನ ಸೋಂಕು ಹಬ್ಬಿದೆ. ಕೊರೊನಾ ಕಾಲದ ಹಾಗೆ ಕಾಯಿಪಲ್ಲೆಯನ್ನೆಲ್ಲ ಸಾಬೂನು ನೀರಿನಲ್ಲಿ ತೊಳೆಯುತ್ತಿದ್ದೇನೆ. ಮೆಂತೆಪಲ್ಲೆಯ ಸಾಬೂನು ವಾಸನೆ ಹೋಗುವುದಿಲ್ಲ. ದ್ರಾಕ್ಷಿ ಎರಡೇ ದಿನಕ್ಕೆ ಕೊಳೆಯುತ್ತದೆ. ಹಕ್ಕರಿಕೆ ತಿಂದ ಮಗನಿಗೆ ಹೊಟ್ಟೆ ಕೆಟ್ಟಿತ್ತು. ನಾನು ಎಲ್ಲಿ ತಪ್ಪುತ್ತಿದ್ದೇನೆ?"

ಸಂಪಾದಕರ ಉತ್ತರ:

ಅಕ್ಕಾ, ಸಾಬೂನನ್ನು ಇವತ್ತೇ ನಿಲ್ಲಿಸಿ. ಕೊರೊನಾದಂಥ ವೈರಸ್ಸಿಗೆ ಕೊಬ್ಬಿನ ಹೊರಪೊರೆ ಇರುತ್ತದೆ, ಸಾಬೂನು ಅದನ್ನು ಒಡೆಯುತ್ತದೆ. ಅದಕ್ಕೇ ಕೈಗೆ ಸಾಬೂನು. ಎಲೆಯ ಮೈಯಲ್ಲಿ ಸಣ್ಣ ರಂಧ್ರಗಳಿವೆ, ದಂಟು ಕಿತ್ತ ಕಡೆ ಬಾಯಿ ತೆರೆದಿರುತ್ತದೆ. ಅಲ್ಲಿ ಇಳಿದ ಸಾಬೂನು ಎಷ್ಟು ನೀರು ಹೊಯ್ದರೂ ಪೂರ್ತಿ ಬಿಡುವುದಿಲ್ಲ. ಹೊಟ್ಟೆಗೆ ಹೋದರೆ ಓಕರಿಕೆ, ಭೇದಿ. ನಮ್ಮ ಕಡೆ ರೊಟ್ಟಿಯ ಜೊತೆ ಹಕ್ಕರಿಕೆ, ಮೆಂತೆ, ಮೂಲಂಗಿ ಹಸಿಯಾಗಿಯೇ ತಿನ್ನುವುದರಿಂದ ಈ ತಪ್ಪು ನಮಗೆ ಹೆಚ್ಚು ದುಬಾರಿ. ಮಗನ ಹೊಟ್ಟೆ ಕೆಟ್ಟದ್ದಕ್ಕೂ ಇದೇ ಕಾರಣವಿರಬಹುದು. ಮತ್ತೆ ಭೇದಿ ಆದರೆ ವೈದ್ಯರಿಗೆ ತೋರಿಸಿ.

2020ರ ಮಾರ್ಚ್‌ನಲ್ಲಿ ಬಂದ ಪ್ರಯೋಗಾಲಯದ ವರದಿಯೊಂದು ಎಲ್ಲರನ್ನೂ ಹೆದರಿಸಿತ್ತು: ಕೊರೊನಾ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಸಿಕ್ಕಿತ್ತು. ಆದರೆ ಅದರ ಪ್ರಮಾಣ ಗಂಟೆ ಗಂಟೆಗೂ ಇಳಿಯುತ್ತಲೇ ಇತ್ತು ಎಂಬುದನ್ನು ಹೆಚ್ಚಿನವರು ಗಮನಿಸಲಿಲ್ಲ. ಸೋಂಕು ಅಂಟಿದ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ದಲ್ಲಿ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿತು. ಕೆಮ್ಮಿನ ರೋಗ ಹೆಚ್ಚಾಗಿ ಉಸಿರಿನಿಂದ ಬರುತ್ತದೆ. ಸಂತೆಯಲ್ಲಿ ಅಂಜಬೇಕಾದ್ದು ಬದನೆಕಾಯಿಗಲ್ಲ, ಗದ್ದಲಕ್ಕೆ. ಜನ ಸೇರುವ ಮೊದಲೇ ಹೋಗಿ, ಮಾಸ್ಕ್ ಹಾಕಿಕೊಳ್ಳಿ, ಮನೆಗೆ ಬಂದು ಚೀಲ ಇಟ್ಟ ಕೂಡಲೇ 20 ಸೆಕೆಂಡು ಕೈ ತೊಳೆಯಿರಿ.

ಈಗ ಪಲ್ಲೆ. ಸೂಡಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆ ತೆಗೆಯಿರಿ. ಅಗಲ ಬೋಗಾಣಿಯಲ್ಲಿ ಪಲ್ಲೆ ತೇಲುವಷ್ಟು ನೀರು ಹಾಕಿ, ಕೈಯಾಡಿಸಿ, ಎರಡು ನಿಮಿಷ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಆಮೇಲೆ ಎರಡೂ ಕೈಯಿಂದ ಪಲ್ಲೆಯನ್ನು ಮೇಲೆತ್ತಿ ತೆಗೆಯಿರಿ. ಬೋಗಾಣಿಯನ್ನು ಜರಡಿಗೆ ಬಗ್ಗಿಸಿದರೆ ಇಳಿದ ಮಣ್ಣೆಲ್ಲ ಮತ್ತೆ ಎಲೆಯ ಮೇಲೇ ಬೀಳುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಹೀಗೆ ಮೂರು ನೀರು. ಕೊನೆಯಲ್ಲಿ ತಳವನ್ನು ಬೆರಳಿನಿಂದ ಒರೆಸಿ ನೋಡಿ. ಗರಗರ ಎಂದರೆ ಇನ್ನೊಂದು ನೀರು ಬೇಕು. ನೀರಿನ ಕೊರತೆ ಇದ್ದರೆ ಮೂರನೆಯ ನೀರನ್ನೇ ಮುಂದಿನ ಸೂಡಿಗೆ ಮೊದಲ ನೀರಾಗಿ ಬಳಸಿ.

ಬಿಸಿಲಿನಲ್ಲಿ ಕಾದ ಟೊಮೆಟೊವನ್ನು ಫ್ರಿಜ್ಜಿನ ತಣ್ಣೀರಿಗೆ ಹಾಕಬೇಡಿ. ಒಳಗಿನ ಗಾಳಿ ಕುಗ್ಗಿ, ತೊಟ್ಟು ಕಿತ್ತ ಗುಳಿಯಿಂದ ನೀರನ್ನೂ ಅದರಲ್ಲಿನ ಕೊಳೆಯನ್ನೂ ಹಣ್ಣು ಒಳಗೆಳೆದುಕೊಳ್ಳುತ್ತದೆ. ನೆರಳಲ್ಲಿ ಆರಿಸಿ, ನಳದ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸಾಕು.

ಹಸಿಯಾಗಿ ತಿನ್ನುವುದಕ್ಕೆ ಇನ್ನಷ್ಟು ಭದ್ರತೆ ಬೇಕೆಂದರೆ ಕ್ಲೋರಿನ್ ನೀರು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿದ್ದು 50 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 50 ಭಾಗ ಕ್ಲೋರಿನ್), ಸಾಬೂನು ಬೇಡವೆಂದೂ ಆಗಲೇ ಹೇಳಿತ್ತು. ಬಾಟಲಿಯ ಚೀಟಿಯ ಮೇಲೆ ಶೇ. 5 ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಕೊಡುವ ಬ್ಲೀಚ್) ಎಂದಿರುವ, ಸುವಾಸನೆ ಸೇರಿಸದ ದ್ರಾವಣವಾದರೆ 5 ಲೀಟರ್ ನೀರಿಗೆ 5 ಮಿಲಿ, ಅಂದರೆ ಒಂದು ಟೀ ಚಮಚ. ಔಷಧದ ಬಾಟಲಿಯ ಅಳತೆ ಮುಚ್ಚಳದಲ್ಲಿ ಅಳೆದೇ ಹಾಕಿ. ತೊಳೆದ ಪಲ್ಲೆಯನ್ನು 10 ನಿಮಿಷ ಮುಳುಗಿಸಿ, ಆಮೇಲೆ ಕುಡಿಯುವ ನೀರಿನಲ್ಲಿ ಜಾಲಿಸಿ. ಮಣ್ಣಿದ್ದರೆ ಕ್ಲೋರಿನ್ ಮಣ್ಣಿನಲ್ಲೇ ಮುಗಿದುಹೋಗುತ್ತದೆ, ಆದ್ದರಿಂದ ಮೂರು ನೀರು ತಪ್ಪಿಸಬೇಡಿ. ಇದಕ್ಕೆ ವಿನೆಗರ್, ಲಿಂಬೆರಸ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಉಪ್ಪು, ಅರಿಷಿಣದ ನೀರನ್ನು ನಂಬಿ ವೈರಸ್ ಸತ್ತಿತೆಂದು ತಿಳಿಯಬೇಡಿ.

ಓಣಿಯಲ್ಲಿ ಇರುವುದು ವಾಂತಿಭೇದಿ ಅಥವಾ ಕಾಮಾಲೆಯಾದರೆ ಲೆಕ್ಕವೇ ಬೇರೆ. ವಾಂತಿಭೇದಿ ತರುವ ನೊರೊವೈರಸ್‌ಗೂ ಕಾಮಾಲೆ ತರುವ ಹೆಪಟೈಟಿಸ್-ಎ ವೈರಸ್‌ಗೂ ಕೊಬ್ಬಿನ ಪೊರೆ ಇಲ್ಲ. ಸ್ಯಾನಿಟೈಸರ್‌ಗೆ ಅವು ಸುಲಭಕ್ಕೆ ಬಗ್ಗುವುದಿಲ್ಲ, ಕೈಗೆ ಸಾಬೂನು ಹಚ್ಚಿ ಉಜ್ಜಿ ತೊಳೆದು ಕಳೆಯಬೇಕು. ಇವು ಊಟ, ನೀರಿನ ಮೂಲಕವೂ ಬರುತ್ತವೆ. ಅಂಥ ದಿನಗಳಲ್ಲಿ ಹಸಿ ಪಲ್ಲೆ, ಪಚಡಿ ನಿಲ್ಲಿಸಿ, ಎಲ್ಲವನ್ನೂ ಕುದಿಸಿ ತಿನ್ನಿ, ನೀರನ್ನೂ ಕುದಿಸಿ. ವಾಂತಿಭೇದಿ ಆದವರು ಗುಣವಾದ ಮೇಲೂ ಎರಡು ದಿನ ಅಡುಗೆಮನೆಗೆ ಬರಬಾರದು.

ಹಾಲಿನ ಪಾಕೀಟಿಗೆ ಬೇಕಾದರೆ ಸಾಬೂನು ಹಚ್ಚಬಹುದು, ಕತ್ತರಿಸುವ ಮೊದಲು ಚೆನ್ನಾಗಿ ತೊಳೆಯಿರಿ. ಕಿರಾಣಿ ಪೊಟ್ಟಣ, ಜೋಳದ ಚೀಲಕ್ಕೆ ಏನೂ ಮಾಡಬೇಕಿಲ್ಲ, ಮುಟ್ಟಿದ ಮೇಲೆ ಕೈ ತೊಳೆದರಾಯಿತು. ಕೋಳಿ ಮಾಂಸ ತೊಳೆಯುವುದೇ ಬೇಡ, ಸಿಡಿದ ಹನಿ ಪಕ್ಕದ ಪಲ್ಲೆಗೆ ಬೀಳುತ್ತದೆ.

ಇನ್ನು ದ್ರಾಕ್ಷಿ. ಹಣ್ಣಿನ ಮೇಲಿರುವ ಬೂದಿಯಂಥ ಬಿಳಿ ಪುಡಿ ಅದರದೇ ಮೇಣ, ಹಣ್ಣು ಒಣಗದಂತೆ ಕಾಯುತ್ತದೆ. ಸಾಬೂನಿಗೆ ಆ ಮೇಣ ಹೋಯಿತು, ತೊಟ್ಟಿನ ಸುತ್ತ ತೇವ ನಿಂತಿತು, ಬೂಷ್ಟು ಹಿಡಿಯಿತು. ಗೊಂಚಲನ್ನು ತೊಳೆಯದೆ ಫ್ರಿಜ್ಜಿನಲ್ಲಿಡಿ. ತಿನ್ನುವ ಹೊತ್ತಿಗೆ ಬೇಕಾದಷ್ಟನ್ನೇ ಕತ್ತರಿಯಿಂದ ತುಂಡರಿಸಿ, ನಳದ ಕೆಳಗೆ ಒಂದು ನಿಮಿಷ ಹಿಡಿದು ತಿರುಗಿಸಿ ತೊಳೆಯಿರಿ.