ರಾಮೆನ್ ಅಂದರೆ ದುಬಾರಿ ಮ್ಯಾಗಿಯಾ?

ನೀವು ಬದಿಯಡ್ಕದವರು, ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ ತನ್ನ ಮನೆ ಹತ್ತಿರದ ಸಣ್ಣ ಜಪಾನಿ ಹೋಟೆಲಿಗೆ ರಾಮೆನ್ ತಿನ್ನಲು ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಸಾರಿನಲ್ಲಿ ಹಾಕಿಕೊಡುವ ಈ ಜಪಾನಿ ನೂಡಲ್ಸ್ ಬರೀ ದುಬಾರಿ ಮ್ಯಾಗಿಯಾ, ಒಂದು ಬಟ್ಟಲಿಗೆ ಆರುನೂರು ರೂಪಾಯಿ ಕೊಡುವಂಥದ್ದು ಅದರಲ್ಲಿ ಏನಿದೆ, ಹಂದಿ ತಿನ್ನದವರು ಯಾವುದು ತೆಗೆದುಕೊಳ್ಳಬೇಕು ಅಂತ ಕೇಳಿದ್ದೀರಿ. ನಾನೂ ನಿಮ್ಮ ಕಾಸರಗೋಡು ಕಡೆಯವನೇ, ಕುಂಬಳೆಯವನು. ಕಳೆದ ವರ್ಷ ಅಕ್ಕ-ಭಾವನ ಮನೆಗೆ ಹೋದಾಗ ಅಂಥದ್ದೇ ಒಂದು ಹೋಟೆಲಿನಲ್ಲಿ ತಿಂದೆ. ಅಮ್ಮನೂ ಜೊತೆಗಿದ್ದರು, ಅದೇ ಎಡವಟ್ಟಾಯಿತು.

ಮೊದಲು ಮ್ಯಾಗಿ ವಿಷಯ. ರಾಮೆನ್ನೇ ಹಳೆಯದು. ಚೀನಾದ ಗೋಧಿ ನೂಡಲ್ಸ್ ಜಪಾನಿಗೆ ಹೋಗಿ ರಾಮೆನ್ ಆಯಿತು. ಅದನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ, ಬಿಸಿನೀರು ಹಾಕಿದರೆ ತಯಾರು ಅನ್ನುವ ಹಾಗೆ ಮಾಡಿದವರು ಮೊಮೊಫುಕು ಆಂಡೊ, 1958ರಲ್ಲಿ. ಆ ಲೆಕ್ಕದಲ್ಲಿ ಮ್ಯಾಗಿ ಇದರ ಮೊಮ್ಮಗು ಅಷ್ಟೆ.

ನೂಡಲ್ಸ್ ಹಳದಿ, ಹಲ್ಲಿಗೆ ಸ್ವಲ್ಪ ಎದುರಾಡುತ್ತದೆ. ಮೊಟ್ಟೆ ಹಾಕಿರಬೇಕು ಅಂದುಕೊಂಡಿದ್ದೆ. ಅಲ್ಲ, ಹಿಟ್ಟು ಕಲಸುವ ನೀರಿಗೆ ಕಾನ್ಸುಯಿ ಅಂತ ಒಂದು ಕ್ಷಾರ ಹಾಕುತ್ತಾರೆ. ನಮ್ಮಲ್ಲಿ ಉದ್ದಿನ ಹಪ್ಪಳಕ್ಕೆ ಹಾಕುವ ಕ್ಷಾರ ಇಲ್ವಾ, ಅಂಗಡಿಯಲ್ಲಿ ಪಪ್ಪಡಕ್ಕಾರ ಅಂದರೆ ಕೊಡುತ್ತಾರಲ್ಲ, ಅದೇ ಜಾತಿ.

ಆದರೆ ನೀವು ದುಡ್ಡು ಕೊಡುವುದು ನೂಡಲ್ಸಿಗಲ್ಲ, ಸಾರಿಗೆ. ಬಟ್ಟಲಿನ ತಳಕ್ಕೆ ಮೊದಲು ತಾರೆ ಅನ್ನುವ ಗಟ್ಟಿ ರುಚಿ ಬೀಳುತ್ತದೆ. ಉಪ್ಪಿನದ್ದಾದರೆ ಶಿಯೊ, ಸೋಯಾ ಸಾಸಿನದ್ದು ಶೋಯು, ಹುಳಿಬರಿಸಿದ ಸೋಯಾ ಕಾಳಿನ ಮುದ್ದೆಯದ್ದು ಮಿಸೊ. ಅದರ ಮೇಲೆ ಕುದಿಯುವ ಸಾರು. ತೊಂಕೊತ್ಸು ಅಂತ ಬರೆದಿದ್ದರೆ ನಿಮಗೆ ಬೇಡ, ಅದು ಹಂದಿ ಮೂಳೆಯನ್ನು ಗಂಟೆಗಟ್ಟಲೆ ಜೋರು ಕುದಿಸಿದ್ದು. ಮೂಳೆಯ ಅಂಟು, ಕೊಬ್ಬು ಎಲ್ಲ ಬೆರೆತು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಅದೇ ಥರದ್ದು ಕೋಳಿಯಲ್ಲೂ ಇದೆ, ಹೆಸರು ತೋರಿ ಪೈತಾನ್. ನಾನು ತಿಂದದ್ದು ಅದನ್ನೇ, 620 ರೂಪಾಯಿ. ಮೇಲೆ ಇಡುವ ಚಾಶು ಅನ್ನುವ ಮಾಂಸದ ತುಂಡು ಸಾಮಾನ್ಯವಾಗಿ ಹಂದಿಯದ್ದೇ. ಅದರ ಬದಲು ಕೋಳಿ ಹಾಕಿ ಅಂತ ಮೊದಲೇ ಹೇಳಿ.

ಈಗ ಅಮ್ಮನ ಕಥೆ. ಅವತ್ತು ಸೋಮವಾರ, ಅಮ್ಮ ಮೀನು-ಮಾಂಸ ಮುಟ್ಟುವುದಿಲ್ಲ. ಭಾವ ಅವರಿಗೆ ತರಕಾರಿ ರಾಮೆನ್ ಹೇಳಿದರು. ಅಣಬೆ, ಜೋಳ, ಬಸಳೆಯಂಥ ಸೊಪ್ಪು, ನೋಡಲು ಚಂದ. ನಾಲ್ಕು ಚಮಚ ಸಾರು ಕುಡಿದು ಅಮ್ಮ ನಿಲ್ಲಿಸಿದರು. "ಎಂತ ಮಾರಾಯ, ಇದರಲ್ಲಿ ಒಣಮೀನಿನ ವಾಸನೆ ಉಂಟಲ್ಲ?" ಹುಡುಗನನ್ನು ಕರೆದು ಕೇಳಿದರೆ ಅವನು ಒಳಗೆ ಹೋಗಿ ಬಂದು, ತರಕಾರಿಯೇ ಸಾರ್, ಸಾರಿಗೆ ಮಾತ್ರ ದಾಶಿ ಹಾಕುತ್ತೇವೆ ಅಂದ. ದಾಶಿ ಅಂದರೆ ಸಾಮಾನ್ಯವಾಗಿ ಕೊಂಬು ಅನ್ನುವ ಕಡಲಪಾಚಿ ಮತ್ತು ಕಾತ್ಸುಒಬುಶಿಯ ರಸ. ಎರಡನೆಯದು ಚೂರೆ ಮೀನಿನ, ಅಂದರೆ ಟ್ಯೂನಾ, ಜಾತಿಯದ್ದನ್ನು ಬೇಯಿಸಿ, ಹೊಗೆ ಹಾಕಿ, ಮರದ ಹಾಗೆ ಒಣಗಿಸಿ ಹೆರೆದದ್ದು. ಲಕ್ಷದ್ವೀಪದವರು ಮಾಡುವ ಮಾಸ್ಮೀನು ಅನ್ನುವ ಒಣಮೀನಿನ ಅಣ್ಣ-ತಮ್ಮ. ಅಮ್ಮನ ಮೂಗಿಗೆ ಮೋಸ ಮಾಡಲು ಆಗುತ್ತದಾ?

ಬಟ್ಟಲು ಭಾವನ ಕಡೆಗೆ ಹೋಯಿತು. ಅಮ್ಮನಿಗೆ ಎಡಮಾಮೆ ತರಿಸಿದೆವು. ಎಳೆ ಸೋಯಾ ಕೋಡು, ಬೇಯಿಸಿ ಉಪ್ಪು ಉದುರಿಸಿದ್ದು. "ಪಾಪ, ಒಗ್ಗರಣೆ ಹಾಕ್ಲಿಕ್ಕೆ ಮರೆತಿದ್ದಾರೆ" ಅಂದರು. ಹಾಗಾಗಿ ನಿಮ್ಮ ಜೊತೆ ಸಸ್ಯಾಹಾರಿ ಯಾರಾದರೂ ಇದ್ದರೆ ಮೇಲಿನ ತರಕಾರಿ ನೋಡಬೇಡಿ, ಸಾರು ಯಾವುದರದ್ದು ಅಂತ ಕೇಳಿ. ಬರೀ ಕೊಂಬು, ಅಣಬೆಯ ದಾಶಿ ಮಾಡುವ ಕಡೆಯೂ ಇರುತ್ತವೆ.

ಇನ್ನು ತಿನ್ನುವ ರೀತಿ. ಗರಿಗರಿ ಅಕ್ಕಿ ರೊಟ್ಟಿಗೆ ಕೋಳಿ ಸಾರು ಹಾಕುವ ಕೋರಿ ರೊಟ್ಟಿ ತಿಂದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ರೊಟ್ಟಿ ಅರ್ಧ ನೆನೆದಿರುವಾಗ ತಿಂದರೆ ತಿಂದೆವು, ಆಮೇಲೆ ಅದು ಬರೀ ಗಂಜಿ. ಇದೂ ಹಾಗೆಯೇ. ಬಟ್ಟಲು ಬಂದ ಕೂಡಲೇ ಶುರು ಮಾಡಿ, ಫೋಟೋ ಆಮೇಲೆ. ನಾನು ನಾಲ್ಕೈದು ಫೋಟೋ ತೆಗೆಯುವಷ್ಟರಲ್ಲಿ ನೂಡಲ್ಸ್ ಉಬ್ಬಿ ಮೆತ್ತಗಾಗಿತ್ತು. ಸೊರ್ ಅಂತ ಶಬ್ದ ಮಾಡಿ ಎಳೆದರೆ ಜಪಾನಿನಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಬಿಸಿಯೂ ಸ್ವಲ್ಪ ಆರುತ್ತದೆ. ನನಗೆ ಮಾತ್ರ ಅಮ್ಮನ ಎದುರು ಧೈರ್ಯ ಬರಲಿಲ್ಲ.

ಆರುನೂರಕ್ಕೆ ಬಾಳುತ್ತದಾ? ಆ ಕೋಳಿ ಸಾರಿಗೆ ಬಾಳುತ್ತದೆ. ಅರ್ಧ ಹೋಳು ಮಾಡಿ ಇಟ್ಟ ಮೊಟ್ಟೆಗೂ ಬಾಳುತ್ತದೆ, ಸೋಯಾದಲ್ಲಿ ನೆನೆದು ಒಳಗಿನ ಹಳದಿ ಜೇನಿನ ಹಾಗಿತ್ತು. ಹೊಟ್ಟೆ ತುಂಬುತ್ತದಾ ಅಂದರೆ, ಭಾವನಿಗೆ ಒಂದೂವರೆ ಬಟ್ಟಲಿಗೆ ತುಂಬಿತು. ನಾನು ಮನೆಗೆ ಬಂದು ಅಮ್ಮನ ಜೊತೆ ಮೊಸರನ್ನ ಉಂಡೆ.