ಪುಟ್ಟ ಸೂಪರ್‌ಜೂಮ್ ತಗೊಳ್ಳಲಾ, ಹಳೆಯ ಡಿಎಸ್‌ಎಲ್‌ಆರ್ ತಗೊಳ್ಳಲಾ?

ನೀವು ಕೇಳಿದ್ದು ಇಷ್ಟು. ಕೈಯಲ್ಲಿ 25 ಸಾವಿರ ಇದೆ. ಒಂದು ಕಡೆ ಕ್ಯಾನನ್ ಎಸ್‌ಎಕ್ಸ್740 ಸಿಗುತ್ತಿದೆ. ಜೇಬಿಗೆ ಹಿಡಿಯುವ, 40 ಪಟ್ಟು ಜೂಮ್ ಇರುವ ಕ್ಯಾಮೆರಾ, ಸೆಕೆಂಡ್ ಹ್ಯಾಂಡ್. ಇನ್ನೊಂದು ಕಡೆ ನಿಮ್ಮ ಕಾಕಾನ ಗೆಳೆಯರು ನಿಕಾನ್ ಡಿ7000 ಮಾರುತ್ತಿದ್ದಾರೆ. ಅದು ಲೆನ್ಸ್ ಬದಲಾಯಿಸಬಹುದಾದ ಡಿಎಸ್‌ಎಲ್‌ಆರ್, ಜೊತೆಗೆ 18-105 ಎಂಎಂ ಲೆನ್ಸ್. ಭಾನುವಾರ ಆಲಮಟ್ಟಿ ಹಿನ್ನೀರಿನ ಹಕ್ಕಿ, ಆಗಾಗ ಬಾದಾಮಿ, ಪಟ್ಟದಕಲ್ಲು. ಕೊನೆಯ ಸಾಲಿನಲ್ಲಿ ಮರೆತು ನೆನಪಾದಂತೆ, "ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅವಳ ಫೋಟೊನೂ ತೆಗೆಯಬೇಕು" ಅಂತ ಬರೆದಿದ್ದೀರಿ. ಆ ಸಾಲಿಗೆ ಆಮೇಲೆ ಬರುತ್ತೇನೆ.

ನಾನೂ ಬಾಗಲಕೋಟೆಯವನೇ, ನವನಗರದಲ್ಲಿ ಮನೆ. ನಾಲ್ಕು ವರ್ಷ ಒಂದು 30 ಪಟ್ಟಿನ ಪುಟ್ಟ ಜೂಮ್ ಕ್ಯಾಮೆರಾ ಇಟ್ಟುಕೊಂಡಿದ್ದೆ. ಅದು ಕೈಕೊಟ್ಟ ಮೇಲೆ ಹಳೆಯ ನಿಕಾನ್ ಡಿ90 ತಗೊಂಡೆ. ಈಗಲೂ ಅದೇ ಇದೆ. ಹಾಗಾಗಿ ಎರಡರ ಸುಖವೂ ಗೊತ್ತು, ಎರಡರ ಕಿರಿಕಿರಿಯೂ ಗೊತ್ತು.

ಮೊದಲು ಹಕ್ಕಿ. ನಮ್ಮ ಹಿನ್ನೀರಿನಲ್ಲಿ ತೊಂದರೆ ಹಕ್ಕಿಯದ್ದಲ್ಲ, ರಾಡಿಯದ್ದು. ಚಳಿಗಾಲ ಕಳೆಯುತ್ತ ನೀರು ಹಿಂದೆ ಸರಿಯುತ್ತದೆ, ಎರೆಮಣ್ಣು ತೆರೆದುಕೊಳ್ಳುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೋಗುತ್ತದೆ. ಒಮ್ಮೆ ನನ್ನ ಚಪ್ಪಲಿ ಅಲ್ಲೇ ಉಳಿಯಿತು. ಇವತ್ತಿಗೂ ಅಲ್ಲೇ ಇರಬೇಕು. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಇಲ್ಲಿಯವರೆಗೆ ಬರುತ್ತದೆ, ಆದರೆ ನಾವು ಕೊನೆಯ ನೂರು ಮೀಟರ್ ದಾಟಲು ಆಗುವುದಿಲ್ಲ.

ಆ ನೂರು ಮೀಟರಿನ ಲೆಕ್ಕ ಹಾಕಿ ನೋಡೋಣ. ಹೆಬ್ಬಾತು ಕೊಕ್ಕಿನಿಂದ ಬಾಲದವರೆಗೆ ಮುಕ್ಕಾಲು ಮೀಟರ್ ಉದ್ದ ಅಂದುಕೊಳ್ಳಿ. ಎಸ್‌ಎಕ್ಸ್740 ಪೂರ್ತಿ ಜೂಮ್ ಮಾಡಿದರೆ 960 ಎಂಎಂ ಲೆನ್ಸ್‌ಗೆ ಸಮ (ಎಂಎಂ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ನೂರು ಮೀಟರ್ ದೂರದಲ್ಲಿ ಅದರ ಚೌಕಟ್ಟಿನ ಅಗಲ 4 ಮೀಟರ್‌ಗೂ ಕಡಿಮೆ. ಹೆಬ್ಬಾತು ಚಿತ್ರದ ಐದನೇ ಒಂದು ಭಾಗ ತುಂಬುತ್ತದೆ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸಬಹುದು. ಡಿ7000ನ 18-105 ಲೆನ್ಸನ್ನು ತುದಿಯವರೆಗೆ ತಿರುಗಿಸಿದರೂ ಆ ಲೆಕ್ಕದಲ್ಲಿ (ಈ ಕ್ಯಾಮೆರಾದಲ್ಲಿ ಲೆನ್ಸಿನ ಎಂಎಂನ ಒಂದೂವರೆ ಪಟ್ಟು) ಸಿಗುವುದು 157 ಎಂಎಂ ಅಷ್ಟೇ. ಅದೇ ದೂರದಲ್ಲಿ ಚೌಕಟ್ಟಿನ ಅಗಲ ಹತ್ತಿರ ಹತ್ತಿರ 23 ಮೀಟರ್. ಹೆಬ್ಬಾತು ಮೂವತ್ತನೇ ಒಂದು ಭಾಗ. ಚಿತ್ರದಲ್ಲಿ ನೀರಿದೆ, ಆಕಾಶವಿದೆ, ನಡುವೆ ಎಳ್ಳಿನಂಥ ಚುಕ್ಕೆಗಳಿವೆ. ಹಕ್ಕಿ ಯಾವುದು ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

"300 ಎಂಎಂ ಲೆನ್ಸ್ ಹಾಕಿದರೆ?" ಅಂತ ಕೇಳುತ್ತೀರಿ. ಆಗ ಅದು 450ಕ್ಕೆ ಸಮ, ಚೌಕಟ್ಟು 8 ಮೀಟರ್. ಕತ್ತರಿಸಿ ದೊಡ್ಡದು ಮಾಡಿದರೆ ಸುಮಾರು 460 ಪಿಕ್ಸೆಲ್‌ಗಳ ಹೆಬ್ಬಾತು ಸಿಗುತ್ತದೆ. ಪುಟ್ಟ ಕ್ಯಾಮೆರಾದಲ್ಲಿ ಸಾವಿರದ ಮೇಲೆ. ಕಾಗದದ ಮೇಲೆ ಪುಟ್ಟದ್ದೇ ಗೆದ್ದಿತು. ಆದರೆ ಆ ಸಾವಿರ ಪಿಕ್ಸೆಲ್ ಎಲ್ಲವೂ ಗಟ್ಟಿ ಕಾಳಲ್ಲ. ತುದಿ ಜೂಮ್‌ನಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಬರುವ ತೂತು, ಎಫ್6.9 (ಎಫ್ ಸಂಖ್ಯೆ ಹೆಚ್ಚಿದಷ್ಟೂ ತೂತು ಸಣ್ಣದು), ಬೆಳಕು ಹಿಡಿಯುವ ಸೆನ್ಸರ್ ಮೇಲಿನ ಪಿಕ್ಸೆಲ್‌ಗಳು ತೀರಾ ಸಣ್ಣವು. ಅಷ್ಟು ಸಣ್ಣ ತೂತಿನಿಂದ ಬಂದ ಬೆಳಕು ಒಂದೇ ಪಿಕ್ಸೆಲ್‌ನಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೂ ಹರಡುತ್ತದೆ. ರೆಕ್ಕೆಯ ಗರಿಗಳು ಬಣ್ಣ ಬಳಿದಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಫೋನಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಗೊತ್ತಾಗುತ್ತದೆ. ಇಷ್ಟೆಲ್ಲ ಹೇಳಿದರೂ, ಒಳ್ಳೆಯ ಬೆಳಕಿನಲ್ಲಿ ಕೂತ ಹಕ್ಕಿಗೆ ಪುಟ್ಟ ಜೂಮೇ ಚಲೋ. ಅದರಲ್ಲಿ ಎರಡು ಮಾತಿಲ್ಲ.

ಹಾರುವ ಹಕ್ಕಿ ಬೇರೆ ಮಾತು. ಎಸ್‌ಎಕ್ಸ್740ಗೆ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಹಿಂದಿನ ಪರದೆ ನೋಡಿಯೇ ತೆಗೆಯಬೇಕು. ಮಾರ್ಚ್ ಬಂದ ಮೇಲೆ ನಮ್ಮ ಬಿಸಿಲಿನಲ್ಲಿ ಆ ಪರದೆಯಲ್ಲಿ ಏನು ಕಾಣುತ್ತದೆ ಹೇಳಿ? ನಿಮ್ಮದೇ ಮುಖ. ನಾನು ಹೆಗಲ ಮೇಲಿನ ಟವೆಲ್ಲನ್ನು ತಲೆ ಮೇಲೆ ಹೊದ್ದು, ಹಳೇ ಕಾಲದ ಸ್ಟುಡಿಯೋದವರ ಹಾಗೆ ಒಳಗೆ ತೂರಿಕೊಂಡು ಫೋಟೊ ತೆಗೆಯುತ್ತಿದ್ದೆ. ದನ ಕಾಯುವ ಹುಡುಗರು ಹತ್ತಿರ ಬಂದು "ಏನ್ರೀ ಸರ್, ಆರಾಮ ಇಲ್ಲೇನ್ರೀ?" ಅಂತ ಕೇಳಿದ್ದರು. ತುದಿ ಜೂಮ್‌ನಲ್ಲಿ ಕೈ ಸ್ವಲ್ಪ ಅಲುಗಿದರೂ ಹಕ್ಕಿ ಚೌಕಟ್ಟಿನ ಹೊರಗೆ. ಅದನ್ನು ಮತ್ತೆ ಹುಡುಕುವಷ್ಟರಲ್ಲಿ ಅದು ಬೀಳಗಿ ದಾಟಿರುತ್ತದೆ. ಡಿ7000ನಲ್ಲಿ ಕನ್ನಡಿಯ ಕಿಂಡಿ ಇದೆ, ಫೋಕಸ್‌ಗೆ 39 ಬಿಂದುಗಳಿವೆ. 2010ರ ಕ್ಯಾಮೆರಾ ಆದರೂ ಹಾರುವ ಕೊಕ್ಕರೆಯನ್ನು ಹಿಡಿದುಕೊಂಡು ಹೋಗುತ್ತದೆ.

ಎರಡಕ್ಕೂ ಬರುವ ಒಂದು ತೊಂದರೆ ಅಂಗಡಿಯವರು ಹೇಳುವುದಿಲ್ಲ. ಝಳ. ಬಿಸಿಲೇರಿದ ಮೇಲೆ ರಾಡಿಯ ಮೇಲಿನ ಗಾಳಿ ಕುದಿಯುವ ಎಸರಿನ ಹಾಗೆ ಅಲೆಯುತ್ತದೆ. ಆಮೇಲೆ ಒಂದು ಲಕ್ಷದ ಲೆನ್ಸ್ ಹಾಕಿದರೂ ಹಕ್ಕಿ ನೀರಿನಲ್ಲಿ ಅದ್ದಿದ ಚಿತ್ರದಂತೆಯೇ ಬರುತ್ತದೆ. ಇದು ಗೊತ್ತಾಗುವವರೆಗೆ ಒಂದು ವರ್ಷ ಕ್ಯಾಮೆರಾಕ್ಕೇ ಬೈದಿದ್ದೇನೆ. ಬೆಳಕು ಹರಿಯುವ ಮೊದಲೇ ಅಲ್ಲಿ ಕೂತಿರಬೇಕು. ಒಂಬತ್ತಕ್ಕೆ ಎದ್ದು ಇಡ್ಲಿ ತಿನ್ನಲು ಹೋಗಬೇಕು.

ಇನ್ನು ಬಾದಾಮಿ. ಅಲ್ಲಿ ಕತ್ತಲು ಇದೆ, ಹಾಗಾಗಿ ಡಿಎಸ್‌ಎಲ್‌ಆರ್ ಬೇಕೇ ಬೇಕು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜ ಹೊರಗೇ ಇದ್ದಾನೆ, ಬೆಳಕು ಬೇಕಾದಷ್ಟು. 578ರ ಶಾಸನ ಇರುವ ಮೂರನೇ ಗುಹೆ ಒಳಗೆ ಮಬ್ಬು ನಿಜ. ಆದರೆ ಕಲ್ಲು ಅಲುಗಾಡುವುದಿಲ್ಲ ಅಲ್ವಾ? ಕಂಬಕ್ಕೆ ಭುಜ ಒತ್ತಿ, ಉಸಿರು ಹಿಡಿದು, 1/10 ಸೆಕೆಂಡ್‌ಗೆ ಒತ್ತಿದರೆ ಪುಟ್ಟ ಕ್ಯಾಮೆರಾದಲ್ಲೂ ಚಿತ್ರ ಬರುತ್ತದೆ. ಅದರೊಳಗಿನ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನು ನುಂಗಿಕೊಳ್ಳುತ್ತದೆ. ಅಷ್ಟೇ ಅಲ್ಲ, ಛಾವಣಿಯ ಕೆತ್ತನೆ, ಕಂಬದ ತುದಿಯ ಜೋಡಿ ಶಿಲ್ಪಗಳು, ಕೆರೆಯಾಚೆ ಬಂಡೆಯ ಮೇಲಿನ ಮಾಲೆಗಿತ್ತಿ ಶಿವಾಲಯ, ಇವಕ್ಕೆಲ್ಲ ಜೂಮ್ ಬಲು ಉಪಯೋಗ. ಮತ್ತೆ ಅಲ್ಲಿನ ಮಂಗಗಳಿಗೆ ಹೆಗಲಿಗೆ ಬ್ಯಾಗ್ ಹಾಕಿದವರೆಂದರೆ ಭಾರಿ ಪ್ರೀತಿ. ಜೇಬಿನ ಕ್ಯಾಮೆರಾ ಅಲ್ಲಿ ನೆಮ್ಮದಿ.

ಪಟ್ಟದಕಲ್ಲು ಬಯಲು, ಎರಡೂ ನಡೆಯುತ್ತವೆ. ಹಾಗೆ ನೋಡಿದರೆ ಕೈಯಲ್ಲಿರುವ ಫೋನೂ ನಡೆಯುತ್ತದೆ.

ಕಲ್ಲು ಅಲುಗಾಡುವುದಿಲ್ಲ ಅಂದೆನಲ್ಲ, ಎರಡು ವರ್ಷದ ಮಗಳು ಅಲುಗಾಡುತ್ತಾಳೆ. ನೀವು ಕೊನೆಗೆ ತುರುಕಿದ ಆ ಸಾಲು ನನ್ನ ಲೆಕ್ಕದಲ್ಲಿ ನಿಮ್ಮ ಪ್ರಶ್ನೆಯ ಮೊದಲ ಸಾಲು. ಮಗು ಬಯಲಿನಲ್ಲಿ ಆಡುವುದು ಕಡಿಮೆ. ಪಡಸಾಲೆಯಲ್ಲಿ, ಅಡುಗೆಮನೆ ಬಾಗಿಲಲ್ಲಿ, ಅಜ್ಜಿಯ ಮಂಚದ ಕೆಳಗೆ ಆಡುತ್ತದೆ. ಅಲ್ಲಿ ಇರುವುದು ಒಂದು ಟ್ಯೂಬ್‌ಲೈಟ್. ಈ ಬೆಳಕಿನಲ್ಲಿ ಪುಟ್ಟ ಕ್ಯಾಮೆರಾ ಸೋಲುತ್ತದೆ, ಫೋನೂ ಸೋಲುತ್ತದೆ. ಮುಖ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಗೆರೆ ಇರುತ್ತದೆ.

ಕಾರಣ ಸೆನ್ಸರ್. ಎಸ್‌ಎಕ್ಸ್740ನದ್ದು ತೊಗರಿ ಕಾಳಿನಷ್ಟು, ಸುಮಾರು 6 ಎಂಎಂಗೆ 4.5. ಡಿ7000ನದ್ದು ಸಣ್ಣ ಅಂಚೆ ಚೀಟಿಯಷ್ಟು, ಸುಮಾರು 23.6ಕ್ಕೆ 15.6. ಜಾಗದಲ್ಲಿ 13 ಪಟ್ಟು ವ್ಯತ್ಯಾಸ. ಅದಕ್ಕೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ) 1600ಕ್ಕೆ ಏರಿಸಿದರೆ ಪುಟ್ಟದರಲ್ಲಿ ಚರ್ಮ ಮೇಣದಂತೆ ಆಗುತ್ತದೆ, ಡಿ7000ನಲ್ಲಿ ಚರ್ಮ ಚರ್ಮವಾಗಿಯೇ ಇರುತ್ತದೆ. 3200 ಕೂಡ ಆಲ್ಬಮ್‌ಗೆ ಸಾಕು.

ಆದರೆ ಒಂದು ಮಾತು ನೆನಪಿರಲಿ. 18-105 ಲೆನ್ಸ್ ಒಂದನ್ನೇ ನಂಬಿದರೆ ಮಗಳ ಓಟ ಆಗಲೂ ಮಸುಕೇ. ನಮ್ಮ ಪಡಸಾಲೆಯ ಬೆಳಕಿನಲ್ಲಿ 1600 ಐಎಸ್‌ಒಗೆ ಆ ಥರದ ಲೆನ್ಸ್ ಕೊಡುವುದು 1/50 ಸೆಕೆಂಡ್‌ನ ಆಸುಪಾಸು. ಅದೇ ಕ್ಯಾಮೆರಾಕ್ಕೆ 35 ಎಂಎಂ ಎಫ್1.8 ಡಿಎಕ್ಸ್ ಲೆನ್ಸ್ ಹಾಕಿ, 1/300ರವರೆಗೆ ಹೋಗುತ್ತದೆ. ಮಂಚದಿಂದ ಹಾರಿದ ಮಗು ಗಾಳಿಯಲ್ಲೇ ನಿಲ್ಲುತ್ತದೆ. ಇನ್ನೂ ಅಗ್ಗಕ್ಕೆ ಬೇಕಾದರೆ ಹಳೆಯ 50 ಎಂಎಂ ಎಫ್1.8ಡಿ ಸಿಗುತ್ತದೆ. ಡಿ7000ನ ಒಳಗೆ ಫೋಕಸ್ ಮೋಟರ್ ಇರುವುದರಿಂದ ಆ ಲೆನ್ಸ್ ತಾನೇ ಫೋಕಸ್ ಆಗುತ್ತದೆ. ನಿಕಾನ್‌ನ 3000, 5000 ಸಾಲಿನ ಕ್ಯಾಮೆರಾಗಳಲ್ಲಿ ಕೈಯಿಂದ ತಿರುಗಿಸುತ್ತ ಕೂರಬೇಕು. ಪಡಸಾಲೆ ಚಿಕ್ಕದಿದ್ದರೆ 50 ಬೇಡ, ಬೆನ್ನು ಗೋಡೆಗೆ ತಾಗಿದರೂ ಮಗಳು ಪೂರ್ತಿ ಹಿಡಿಯುವುದಿಲ್ಲ. 35 ತಗೊಳ್ಳಿ.

ಹಾಗಾಗಿ ನಾನಾದರೆ ಡಿ7000 ತಗೊಳ್ಳುತ್ತೇನೆ. ಆದರೆ 25 ಸಾವಿರ ಪೂರ್ತಿ ಅದಕ್ಕೇ ಸುರಿಯುವುದಿಲ್ಲ, 35ರ ಲೆನ್ಸ್‌ಗೆ ರೊಕ್ಕ ಉಳಿಯುವಂತೆ ಚೌಕಾಶಿ ಮಾಡುತ್ತೇನೆ. ಹಕ್ಕಿ ಒಂದೆರಡು ವರ್ಷ ಕಾಯಲಿ. ಹೆಬ್ಬಾತು ಮುಂದಿನ ಚಳಿಗಾಲವೂ ಇದೇ ಗಾತ್ರದಲ್ಲಿ ಬರುತ್ತದೆ. ಆಮೇಲೆ 70-300 ಲೆನ್ಸ್ ಸೇರಿಸಿಕೊಳ್ಳಿ. ಆದರೆ ಎಎಫ್-ಎಸ್ ಅಂತ ಬರೆದದ್ದನ್ನೇ ನೋಡಿ ತಗೊಳ್ಳಿ. ಎಎಫ್-ಪಿ ಅಂತ ಇದ್ದರೆ ಬಿಟ್ಟುಬಿಡಿ. ಹೊಸದು, ಹಗುರ, ಅಗ್ಗ ಅಂತ ಆಸೆ ಹುಟ್ಟಿಸುತ್ತದೆ, ಆದರೆ ಡಿ7000 ಮೇಲೆ ಫೋಕಸ್ಸೇ ಆಗುವುದಿಲ್ಲ. ನನ್ನ ಡಿ90 ಮೇಲೂ ಆಗಲಿಲ್ಲ. ತಂದ ಮರುದಿನವೇ ಹಿಂದಕ್ಕೆ ಕೊಟ್ಟು ಬಂದೆ.

ಮಗಳ ಮಾತು ಇಲ್ಲದೆ ಬರೀ ಹಿನ್ನೀರು, ಬಾದಾಮಿ ಅಂತ ನೀವು ಕೇಳಿದ್ದರೆ ಜೂಮ್ ಕ್ಯಾಮೆರಾನೇ ಹೇಳುತ್ತಿದ್ದೆ. ಅದೂ ಜೇಬಿನದಲ್ಲ, ಕಿಂಡಿ ಇರುವ ದೊಡ್ಡದು. ನಿಕಾನ್ ಪಿ900 ಇದೆಯಲ್ಲ, 83 ಪಟ್ಟು, 2000 ಎಂಎಂವರೆಗೆ ಹೋಗುವಂಥದ್ದು. ತೂಕ 900 ಗ್ರಾಂ. ಜೇಬಿಗೆ ಹಿಡಿಯುವುದಿಲ್ಲ, ಆದರೆ ಬಿಸಿಲಿನಲ್ಲಿ ಟವೆಲ್ ಹೊದೆಯಬೇಕಾಗಿಲ್ಲ.

ಧೂಳಿನ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನನ್ನ ಪುಟ್ಟ ಕ್ಯಾಮೆರಾ ಸತ್ತದ್ದೇ ಅದರಿಂದ. ಜೂಮ್ ಹೊರಗೆ ಬಂದು ಒಳಗೆ ಹೋಗುವಾಗ ಪಂಪಿನ ಹಾಗೆ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ನಮ್ಮೂರ ಧೂಳು. ಒಂದು ದಿನ ಲೆನ್ಸ್ ಅರ್ಧಕ್ಕೆ ಬಂದು ಕರ್ ಅಂತ ನಿಂತಿತು. ರಿಪೇರಿಯವರು ಹೇಳಿದ ಮೊತ್ತಕ್ಕೆ ಹಳೆಯದೊಂದು ಕ್ಯಾಮೆರಾನೇ ಬರುತ್ತಿತ್ತು. ಡಿಎಸ್‌ಎಲ್‌ಆರ್‌ಗೂ ಧೂಳು ಹೋಗುತ್ತದೆ, ಆದರೆ ರಬ್ಬರ್ ಬ್ಲೋವರ್‌ನಿಂದ ಮನೆಯಲ್ಲೇ ಊದಿ ತೆಗೆಯಬಹುದು. ಗಾಳಿ ಬೀಸುವಾಗ ಹೊಲದ ನಡುವೆ ನಿಂತು ಲೆನ್ಸ್ ಬದಲಾಯಿಸಬೇಡಿ. ಹೋಳಿಯ ದಿನಗಳಲ್ಲಿ ಹಲಗೆಯ ಸದ್ದು ಕೇಳಿ ಎಷ್ಟೇ ಆಸೆಯಾದರೂ ಎರಡನ್ನೂ ಬೀರುವಿನಲ್ಲಿ ಇಡಿ. ಬಾಗಲಕೋಟೆಯ ಬಣ್ಣಕ್ಕೆ ಯಾವ ಕ್ಯಾಮೆರಾನೂ ತಡೆಯುವುದಿಲ್ಲ.

ಇನ್ನು ಆ ಡಿ7000 ನೋಡಲು ಹೋದಾಗ ನಿಮ್ಮದೇ ಒಂದು ಮೆಮೊರಿ ಕಾರ್ಡ್ ಒಯ್ಯಿರಿ. ನಾಲ್ಕಾರು ಫೋಟೊ ತೆಗೆದು ಮನೆಗೆ ತನ್ನಿ. ಆ ಫೈಲನ್ನು ಶಟರ್ ಕೌಂಟ್ ತೋರಿಸುವ ಯಾವುದಾದರೂ ಸೈಟಿಗೆ ಹಾಕಿದರೆ ಇದುವರೆಗೆ ಎಷ್ಟು ಸಲ ಒತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಡಿ7000ನ ಶಟರ್ ಅನ್ನು ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದಾರೆ. 40 ಸಾವಿರ ತೋರಿಸಿದರೆ ಕಣ್ಣುಮುಚ್ಚಿ ತಗೊಳ್ಳಿ. ಲಕ್ಷ ದಾಟಿದ್ದರೆ ಅದು ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ, ಬೆಲೆ ಇಳಿಸಲೇಬೇಕು. ಎಫ್16 ಇಟ್ಟು ಖಾಲಿ ಆಕಾಶದ ಒಂದು ಫೋಟೊ ತೆಗೆಯಿರಿ, ಸೆನ್ಸರ್ ಮೇಲೆ ಕಲೆ ಇದ್ದರೆ ಅಲ್ಲಿ ಬೂದು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ನಮ್ಮ ಒಣ ಹವೆಯಲ್ಲಿ ಕಡಿಮೆ, ಕರಾವಳಿಯಿಂದ ಬಂದ ಲೆನ್ಸ್‌ಗಳಲ್ಲಿ ಜಾಸ್ತಿ.

ಕಾಕಾನ ಗೆಳೆಯರು, ಇದನ್ನೆಲ್ಲ ಹೇಗೆ ಕೇಳುವುದು ಅಂತ ಸಂಕೋಚ ಆಗಬಹುದು. ಕಾಕಾನನ್ನೂ ಕರೆದುಕೊಂಡು ಹೋಗಿ. ಅವರಿಬ್ಬರೂ ಚಹಾ ಕುಡಿಯುತ್ತ ಕೂತಿರುವಾಗ ನೀವು ಮೆನುವಿನಲ್ಲಿ ಬ್ಯಾಟರಿ ಮಾಹಿತಿ ತೆರೆಯಿರಿ. ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗೆ ತೋರಿಸುತ್ತದೆ. 0 ಅಂದರೆ ಹೊಸದು. 3 ಅಥವಾ 4 ಇದ್ದರೆ ಹೊಸ ಬ್ಯಾಟರಿಯ ರೊಕ್ಕ ಕಡಿಮೆ ಮಾಡಿ ಅಂತ ಕಾಕಾನ ಬಾಯಿಂದಲೇ ಹೇಳಿಸಿ.