ಗ್ರಾನೈಟ್ ಕತ್ತರಿಸುವಾಗ ಬಟ್ಟೆ ಕಟ್ಟಿದರೂ ಬಿಡದ ಕೆಮ್ಮು
ಗ್ರಾನೈಟ್ ಕತ್ತರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ಒಣಕೆಮ್ಮು ಬರಲು ಬಹುಮಟ್ಟಿಗೆ ಕಾರಣ, ಬಟ್ಟೆಯನ್ನು ದಾಟಿ ಒಳಹೋಗುವ, ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ ದೂಳು. 10 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದೊಡ್ಡ ಕಣಗಳು ಹೆಚ್ಚಾಗಿ ಮೂಗು, ಗಂಟಲಿನಲ್ಲೇ ಸಿಕ್ಕಿ ಲೋಳೆಯೊಂದಿಗೆ ಹೊರಬೀಳುತ್ತವೆ. ಆದರೆ ಕಣ್ಣಿಗೆ ಕಾಣದ, ಸುಮಾರು 4 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿದು, ತಮ್ಮನ್ನು ನುಂಗಲು ಬರುವ ರಕ್ಷಕ ಕೋಶಗಳನ್ನೇ ಕೊಂದು, ವರ್ಷಗಳು ಕಳೆದಂತೆ ಮತ್ತೆಂದೂ ಮಾಸದ ಗಾಯದ ಕಲೆಗಳನ್ನು ಉಳಿಸುತ್ತವೆ.

ಮೊದಲು ಒಣದಾಗಿ ಕತ್ತರಿಸುವುದನ್ನು ನಿಲ್ಲಿಸಿ, ಕತ್ತರಿಸುವಾಗಲೇ ಅಲಗಿಗೆ ನೀರು ಹಾಯಿಸುವಂತೆ ತಯಾರಾದ ಯಂತ್ರವನ್ನು ಬಳಸಿ. ಮಾಸ್ಕಿಗಿಂತ ಇದೇ ಮುಖ್ಯ. ಬಳಿಕ ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ದೂಳನ್ನೂ ಸೋಸುವ ಎನ್95 ಮಾಸ್ಕ್ ಧರಿಸಿ (ಗಡ್ಡವಿದ್ದರೆ ಅಂಚಿನಿಂದ ದೂಳು ನುಸುಳುತ್ತದೆ). ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಕೆಮ್ಮಿಗೆ ಆಸ್ತಮಾವೂ ಕಾರಣವಿರಬಹುದು, ಅದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಆದ್ದರಿಂದ ಈ ವಾರವೇ ಶ್ವಾಸಕೋಶ ತಜ್ಞರನ್ನು ಕಂಡು, ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಿ ಎಂಬುದನ್ನು ತಪ್ಪದೆ ತಿಳಿಸಿ, ಎದೆಯ ಎಕ್ಸ್-ರೇ ಹಾಗೂ ಸ್ಪೈರೊಮೆಟ್ರಿ (ಊದಿಸಿ ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಬೇಕೇ ಎಂದು ಕೇಳಿ.